ಕಾಲು ಟ್ಯಾಂಕಿನ ಗುರುತು

ಮುಳ್ಳನ್ನು ಅದರ ಅಚ್ಚಿನ ಮೇಲೆ ಕೂರಿಸುವಾಗ ವಾದಿರಾಜ ಯಾವಾಗಲೂ ಉಸಿರು ಹಿಡಿಯುತ್ತಿದ್ದ. ಇವತ್ತೂ ಹಿಡಿದ. ಅಂಗೈಯಗಲದ ಹಿತ್ತಾಳೆಯ ಡಬ್ಬಿ, ಅದರೊಳಗೆ ಎದುರುಬದುರು ಕೂತ ಎರಡು ಸುರುಳಿ, ವರ್ಷಗಟ್ಟಲೆ ಕಾಯ್ದು ಕಂದಿದ ತಾಮ್ರದ ತಂತಿ, ಅದರ ಮೇಲೆ ನಿನ್ನೆ ತಾನೇ ಬಳಿದ ಅರಗಿನ ವಾಸನೆ. ಮೇಲೆ, ಒಂದು ಕಾಲಕ್ಕೆ ಕತ್ತಲಲ್ಲಿ ಹೊಳೆಯುತ್ತಿದ್ದು ಈಗ ನಶ್ಯದ ಬಣ್ಣಕ್ಕೆ ತಿರುಗಿದ ಅಂಕಿಗಳ ಬಿಲ್ಲೆ. ಬ್ಯಾಟರಿಯ ತಂತಿ ಮುಟ್ಟಿಸಿದರೆ ಸುರುಳಿಗಳೆರಡೂ ಎಚ್ಚೆತ್ತು ಮುಳ್ಳನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತವೆ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆಯೆಂಬುದು ಆ ಎಳೆದಾಟದ ತೀರ್ಪು. ಟ್ಯಾಂಕು ಖಾಲಿಯಾದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು. ವಾದಿರಾಜ ಅದನ್ನು ಕಾಲು ಟ್ಯಾಂಕಿನ ಗುರುತಿನ ಮೇಲಿಟ್ಟು ಹೆಬ್ಬೆರಳ ಉಗುರಿನಿಂದ ಒತ್ತಿದ. ಟಕ್ಕೆಂದು ಕೂತಿತು. ಇನ್ನು ಟ್ಯಾಂಕಿನಲ್ಲಿ ಕಾಲುಭಾಗ ಇದ್ದಾಗ ಇದು ಅರ್ಧ ಅನ್ನುತ್ತದೆ. ಏನೂ ಇಲ್ಲದಾಗ ಕಾಲು ಅನ್ನುತ್ತದೆ. ಗಾಜು ಮುಚ್ಚಿ ಸುತ್ತಿನ ಬಳೆಯನ್ನು ಒತ್ತುವಾಗ ಅವನಿಗೆ, ಅಚ್ಚರಿಯೆಂಬಂತೆ, ಉಳಿದ ಮೂರು ಗೇಜುಗಳನ್ನು ತಾನು ಎಷ್ಟು ಪ್ರಾಮಾಣಿಕವಾಗಿ ರಿಪೇರಿ ಮಾಡಿದ್ದೇನೆ ಎಂಬ ನೆನಪು ಬಂತು. ಕರೆಂಟಿನದು, ಎಣ್ಣೆಯ ಒತ್ತಡದ್ದು, ಎಂಜಿನ್ನಿನ ಶಾಖದ್ದು: ಮೂರೂ ಹೊಸದರಂತೆ ನಡೆಯುತ್ತಿದ್ದವು. ಆ ಮೂರರ ಸತ್ಯದ ನಡುವೆ ಈ ನಾಲ್ಕನೆಯದರ ಸುಳ್ಳು ಕಾಣಿಸಲಾರದು ಎಂದು ಅವನ ಕೈಗೆ ಅವನಿಗಿಂತ ಮೊದಲೇ ತಿಳಿದಿತ್ತೇನೋ.

ಲಾರಿ ಹೊರಗೆ, ರಾಯಚೂರಿನ ತೀನ್ ಕಂದೀಲು ಚೌಕದ ಹಿಂದಿನ ಓಣಿಯಲ್ಲಿ ಗೋಡೆಗೆ ಮೈ ಹಚ್ಚಿಕೊಂಡು ನಿಂತಿತ್ತು. ಯುದ್ಧ ಮುಗಿದ ಮೇಲೆ ಲಷ್ಕರದವರು ಹರಾಜಿಗೆ ಹಾಕಿದ ಗಾಡಿ. ಹತ್ತಿ ಸಾಗಿಸಲಿಕ್ಕೆಂದು ಸಾಹುಕಾರ ಮಹಾಂತಯ್ಯ ಹಿಡಿದಿದ್ದ. ಈ ನಲವತ್ತೆಂಟರ ಮಳೆಗಾಲದಲ್ಲಿ, ಹೈದರಾಬಾದ್ ಸಂಸ್ಥಾನದ ಗಡಿಗಳು ಮುಚ್ಚಿ ಪೆಟ್ರೋಲು ಅತ್ತರಿನಂತೆ ಹನಿಹನಿಯಾದಾಗ, ಅವನೇ ಅದನ್ನು ಸಂಸ್ಥಾನದ ಪರವಾಗಿದ್ದ ಬಂದೂಕಿನ ದಳವೊಂದಕ್ಕೆ ಕೊಟ್ಟುಬಿಟ್ಟ. ಸರಕಾರಕ್ಕೆ ಲೇವಿ ಧಾನ್ಯ ಕೊಡದ ಹಳ್ಳಿಗಳಿಗೆ ದಳ ಹೋಗುತ್ತಿತ್ತು. ದಳ ಹೋಗಿ ಬಂದಲ್ಲಿ ಸಾಹುಕಾರನ ಬಾಕಿ ತಾನಾಗಿ ತೀರುತ್ತಿತ್ತು. ನಿನ್ನೆ ಗೇಜುಗಳನ್ನು ಬಿಚ್ಚುವ ಮೊದಲು ತಂತಿ ಹೋದ ಜಾಡು ನೋಡಲೆಂದು ವಾದಿರಾಜ ಲಾರಿಯ ಹಿಂಭಾಗ ಹತ್ತಿದ್ದ. ಹಲಗೆಗಳನ್ನು ನೀರು ಸುರಿದು ತೊಳೆದಿದ್ದರು, ಸಂದುಗಳಲ್ಲಿ ಮಾತ್ರ ಕಪ್ಪಗೆ ಗಟ್ಟಿಯಾದದ್ದು ಉಳಿದಿತ್ತು. ಹಿಂಬಾಗಿಲಿನ ಕೀಲಿಗೆ ಸಿಕ್ಕಿಕೊಂಡು ಒಂದು ಹಿಡಿ ಉದ್ದ ಕೂದಲು, ಬುಡದಲ್ಲಿ ಚರ್ಮದ ಚೂರಿನ ಸಮೇತ, ಗಾಳಿಗೆ ಅಲ್ಲಾಡುತ್ತಿತ್ತು. ಅವನು ಅದನ್ನು ನೋಡಿದ. ಆಮೇಲೆ ಕೆಳಗಿಳಿದು, ತಂತಿಯ ಜಾಡನ್ನು ಹೊರಗಿನಿಂದಲೇ ಹುಡುಕಿದ. ದಳದ ನಾಯಕ ಜಮೇದಾರ ಆಗಲೇ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ. ಹೈದರಾಬಾದಿನ ಕಡೆಯವನು, ಕನ್ನಡ ಬಾರದು, ದನಿ ಎತ್ತರಿಸಿ ಮಾತಾಡಿದವನಲ್ಲ. ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟು ಅದರಿಂದ ಸುಣ್ಣ ತೀಡಿಕೊಳ್ಳುತ್ತಿದ್ದ. "ಪಂಡಿತ್‌ಜೀ, ಕಾಂಟಾ ಸಚ್ ಬೋಲ್ನಾ," ಅಂದ, ಮುಳ್ಳು ಖರೇ ಹೇಳಬೇಕು ಎಂದು. ಡ್ರೈವರುಗಳೆಲ್ಲ ಕಳ್ಳರು, ಪೆಟ್ರೋಲು ಮಾರಿಕೊಳ್ಳುತ್ತಾರೆ, ಇನ್ನು ಮುಂದೆ ಮುಳ್ಳು ನೋಡಿಯೇ ಹಾಕುವುದು, ಮುಳ್ಳು ನೋಡಿಯೇ ಲೆಕ್ಕ ಕೇಳುವುದು. ನಾಳೆ ದೂರ ಹೋಗುವುದಿದೆ ಎಂದು, ದೇವದುರ್ಗದಾಚೆ ಕೃಷ್ಣೆಯ ದಂಡೆಯ ಊರೊಂದರ ಹೆಸರನ್ನು, ನಾಲಿಗೆಗೆ ಹೊಸತಾದ ಅದರ ಅಕ್ಷರಗಳನ್ನು ತಪ್ಪಾಗಿ ಉಚ್ಚರಿಸುತ್ತ ಹೇಳಿದ. ಅಲ್ಲಿ ಲೇವಿ ಕೇಳಲು ಹೋದವರನ್ನು ಹೊಡೆದು ಕಳಿಸಿದ್ದಾರಂತೆ. ಊರು ಇರಬಾರದು ಅಂದ.

ಆ ಊರಲ್ಲಿ ವಾದಿರಾಜನ ಅಕ್ಕ ಅಹಲ್ಯಾಬಾಯಿ ಇದ್ದಳು. ಗಂಡ ತೀರಿದ ವರ್ಷ ಅವನು ಹೋಗಿದ್ದಾಗ, ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಜಾರಿದ್ದನ್ನು ಸರಿಮಾಡಿಕೊಳ್ಳುತ್ತ ಅವಳು, ರಾಯಚೂರಾಗ ನಿನ್ನ ಮನಿಯಾಗ ಒಂದು ಮೂಲಿ ಇದ್ದರ ಸಾಕಾಗಿತ್ತು ನೋಡೋ ಅಂದಿದ್ದಳು. ಅಂದು ಕೂಡಲೇ, ನಕ್ಕು, ಇರ್ಲಿ ಬಿಡು, ಇಲ್ಲೆ ದೇವರಿಗೆ ದೀಪ ಹಚ್ಚೋರು ಯಾರಿದ್ದಾರ ಅಂದಿದ್ದಳು. ನೋಡೋಣಂತ ಅಂದಿದ್ದ ಅವನು. ನೋಡಲಿಲ್ಲ. ಹೆಂಡತಿ ಸತ್ಯಭಾಮಾಬಾಯಿಗೆ ಈ ಮಾತು ಹೇಳಿಯೂ ಇರಲಿಲ್ಲ. ಅವಳು ಬೇಡವೆನ್ನುತ್ತಾಳೆ ಎಂದು ತಾನೇ ಊಹಿಸಿ, ಆ ಊಹೆಯನ್ನೇ ಅವಳ ಉತ್ತರವೆಂದು ಇಟ್ಟುಕೊಂಡಿದ್ದ. ನಿನ್ನೆ ಸಂಜೆಯಿಂದ ಆ ಬೋಳುತಲೆ ಅವನ ಕಣ್ಣಿಗೆ ಕಟ್ಟಿತ್ತು. ಹಿಡಿದು ಎಳೆಯಲಿಕ್ಕೆ ಅಲ್ಲಿ ಕೂದಲೇ ಇಲ್ಲವಲ್ಲ ಎಂಬ ವಿಚಾರ ಬಂದಾಗ ತನ್ನ ಮನಸ್ಸು ಎಂಥದೆಂದು ಹೇಸಿದ್ದ. ಮುಳ್ಳನ್ನು ನಂಬಿ ಹೊರಟ ಲಾರಿ ಕವಿತಾಳ ದಾಟಿ ಬಯಲಿನಲ್ಲಿ ನಿಂತುಬಿಡುತ್ತದೆ. ಲಾರಿಯಲ್ಲಿ ಹೋಗಿ ಉರಿ ಹಚ್ಚುವವರು ಮಳೆಗಾಲದ ಎರೆಮಣ್ಣಿನಲ್ಲಿ ನಡೆದು ಹೋಗುವವರಲ್ಲ. ಸುದ್ದಿ ಅವರಿಗಿಂತ ಮುಂಚೆ ನಡೆಯುತ್ತದೆ. ಊರವರು ಹೊಳೆ ದಾಟುತ್ತಾರೆ. ಇಷ್ಟನ್ನೂ ಅವನು ಹಾಸಿಗೆಯಲ್ಲಿ ಮಲಗಿ ಅಚ್ಚುಕಟ್ಟಾಗಿ ಕಂಡಿದ್ದ. ಆ ಚಿತ್ರದಲ್ಲಿ ಲಾರಿ ತಾನಾಗಿ ಹೋಗಿ ತಾನಾಗಿ ನಿಲ್ಲುತ್ತಿತ್ತು. ನಡೆಸುವವನೊಬ್ಬ ಅದರಲ್ಲಿರಲಿಲ್ಲ.

ನಡೆಸುವವನು ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದ. "ಏನ್ರೀ ಆಚಾರ್ರ, ಪ್ರಾಣಪ್ರತಿಷ್ಠಾ ಆತೇನ್ರಿ?"

"ಆತು ಮಲಂಗಸಾಬ."

"ಆತು ಅಂದ್ರ ಆತು. ನಿಮ್ಮ ಕೈ ತಾಗಿದ ಮ್ಯಾಲೆ ಸತ್ತ ಕಾಂಟಾನೂ ಎದ್ದು ನಮಾಜ್ ಮಾಡ್ತದ."

ವಾದಿರಾಜ ಗೇಜನ್ನು ಹಲಗೆಯ ಮೇಲಿಟ್ಟು ಕೈ ಹಿಂದೆ ತೆಗೆದ. ಆಮೇಲೆ ಮಲಂಗಸಾಬ ಅದನ್ನೆತ್ತಿಕೊಂಡ. ಯುದ್ಧದ ವರ್ಷಗಳಲ್ಲಿ ಸಿಕಂದರಾಬಾದಿನ ಲಷ್ಕರದ ಕಾರ್ಖಾನೆಯಲ್ಲಿ ಒಬ್ಬ ಗೇಜು ಬಿಚ್ಚುವವನಾಗಿ, ಒಬ್ಬ ಡ್ರೈವರನಾಗಿ ಪರಿಚಯವಾದಂದಿನಿಂದ ಅವರ ನಡುವೆ ಇದೇ ರೀತಿ: ಪಾನಾ, ಸ್ಕ್ರೂ, ಬೀಡಿಯ ಬೆಂಕಿಪೆಟ್ಟಿಗೆ, ಏನೇ ಆದರೂ ಒಬ್ಬ ಇಡುವುದು, ಇನ್ನೊಬ್ಬ ತೆಗೆದುಕೊಳ್ಳುವುದು. ಮುಟ್ಟಬಾರದೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಮಲಂಗಸಾಬ ಬಂದು ಹೋದ ಮೇಲೆ ಸತ್ಯಭಾಮಾಬಾಯಿ ಅವನು ಕೂತ ಕಟ್ಟೆಗೆ ಸಗಣಿನೀರು ಚಿಮುಕಿಸುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಅವನು ಅದನ್ನೇ ನಗೆಯಾಡುತ್ತಿದ್ದ: "ಬಾಯಾರ ಕೃಪಾದಿಂದ ರಾಯಚೂರಾಗ ನಿಮ್ಮ ಕಟ್ಟಿಯಷ್ಟ ಸ್ವಚ್ಛ ಜಾಗ ಇನ್ನೊಂದಿಲ್ಲ ನೋಡ್ರಿ, ದಿನಾ ಬಂದು ಕುಂಡ್ರತೀನಿ." ವಾದಿರಾಜ ಆ ನಗೆಯಲ್ಲಿ ಜೊತೆಗೂಡುತ್ತಿದ್ದ. ಯಾವ ನಗೆಯಲ್ಲಿ ಯಾರು ಎಷ್ಟು ಕೊಡುತ್ತಾರೆಂದು ಅಳೆಯುವ ಉಪಕರಣ ಅವನ ಅಂಗಡಿಯಲ್ಲಿರಲಿಲ್ಲ.

ಈಗ ಹೇಳಬೇಕಿತ್ತು. ಮುಳ್ಳು ಸುಳ್ಳು ಹೇಳ್ತದ, ನಿನ್ನ ಜೀವ ನೋಡಿಕೋ: ಇಷ್ಟೇ ಮಾತು. ನಾಲಿಗೆಯ ಮೇಲೆ ಬಂದಿತ್ತು. ಆದರೆ ಮಲಂಗಸಾಬನ ಮೈಮೇಲೆ ದಳದ ಖಾಕಿ ಅಂಗಿ ಇತ್ತು. ಗಾಡಿಯ ಜೊತೆಗೆ ಡ್ರೈವರನನ್ನೂ ಸಾಹುಕಾರ ಒಪ್ಪಿಸಿದಾಗ ಜಮೇದಾರ ತೊಡಿಸಿದ್ದು. ಬೇರೆ ಯಾರದೋ ಅಳತೆಯದು, ಎದೆಯ ಹತ್ತಿರ ಬಿಗಿದು ಗುಂಡಿಯೊಂದು ಕಿತ್ತುಹೋಗಿ ಒಳಗಿನ ತೂತುಬಿದ್ದ ಬನಿಯನ್ನು ಕಾಣುತ್ತಿತ್ತು. ಬನಿಯನ್ನಿನವನನ್ನು ವಾದಿರಾಜ ಬಲ್ಲ. ಅಂಗಿಯವನನ್ನು ಬಲ್ಲನೆ? ಎಷ್ಟಾದರೂ ಅವರವನು, ಎಂಬ ಮಾತು ಅವನೊಳಗೆ ಯಾರದೋ ದನಿಯಲ್ಲಿ, ಬಹುಶಃ ತೀರಿಹೋದ ಅಪ್ಪನ ದನಿಯಲ್ಲಿ, ಎದ್ದು ನಿಂತಿತು. ಅವನು ಅದನ್ನು ಅಲ್ಲಗಳೆಯಲಿಲ್ಲ, ಅದರ ಹಿಂದೆ ನಿಂತುಕೊಂಡ. ನಾಲಿಗೆಯ ಮೇಲೆ ಬಂದದ್ದು ಉಗುಳಿನ ಜೊತೆ ಒಳಗಿಳಿಯಿತು.

ಗೇಜುಗಳನ್ನು ಲಾರಿಗೆ ಕೂರಿಸಿದ ಮೇಲೆ ಪೀಪಾಯಿಯಿಂದ ಕೈಪಂಪಿನಲ್ಲಿ ಪೆಟ್ರೋಲು ಹಾಕಿದರು. ಜಮೇದಾರ ಮುಳ್ಳಿನ ಮೇಲೆಯೇ ಕಣ್ಣಿಟ್ಟಿದ್ದ. ಅರ್ಧದ ಗುರುತಿಗೆ ಬಂದ ಕೂಡಲೇ ಬಸ್ ಎಂದು ಕೈಯೆತ್ತಿದ. ಅಲ್ಲಿಯವರೆಗೆ ಹೋಗಲು ಅರ್ಧ ಟ್ಯಾಂಕು ಸಾಕು ಎಂಬುದು ಅವನಿಗೆ ಹಿಂದಿನ ಸುತ್ತಾಟಗಳಿಂದ ಗೊತ್ತಿತ್ತು. ಯಾವ ಡ್ರೈವರನೂ ಹೊರಡುವ ಮೊದಲು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ಎಷ್ಟು ಒದ್ದೆಯಾಯಿತೆಂದು ನೋಡದೆ ಇರುವುದಿಲ್ಲ. ಮಲಂಗಸಾಬನ ಕಡ್ಡಿ ಬಿದಿರಿನದು, ಗೀರು ಕೊಯ್ದದ್ದು, ಸೀಟಿನ ಹಿಂದೆ ಸಿಗಿಸಿರುತ್ತಿದ್ದ. ಅವನು ಅದನ್ನು ಎಳೆದು ತೆಗೆದಾಗ ವಾದಿರಾಜ ಟ್ಯಾಂಕಿನ ಬಾಯಿಯನ್ನೇ ನೋಡಿದ. ಮಲಂಗಸಾಬ ಕಡ್ಡಿಯನ್ನು ಕಾಲರಿನೊಳಗೆ ತೂರಿಸಿ ಬೆನ್ನು ತುರಿಸಿಕೊಂಡ. "ಇನ್ನ ಇದು ಇಷ್ಟಕ್ಕ ಬಂತು," ಅಂದ. "ನಿಮ್ಮ ಮುಂದ ನಿಂತು ಕಡ್ಡಿ ಹಾಕಿದ್ರ ನಿಮಗ ಅವಮಾನ ಮಾಡಿಧಂಗ ಆಗ್ತದ, ಅಲ್ಲೇನ್ರಿ?"

ಕಡ್ಡಿಯನ್ನು ಅಂಗಡಿಯ ಗೋಡೆಗೆ ಒರಗಿಸಿ ಅಲ್ಲೇ ಬಿಟ್ಟ. ವಾದಿರಾಜ ನಕ್ಕ. ಆಮೇಲೆ ಜಮೇದಾರ, ತಾಂಬೂಲದ ಬಾಯಿಂದ, ಬಹಳ ಮರ್ಯಾದೆಯಿಂದ ಹೇಳಿದ: "ಪಂಡಿತ್‌ಜೀ, ಆಪ್ ಭೀ ಬೈಠೋ." ನೀವೂ ಹತ್ತಿ, ಹಳೆಯ ಗಾಡಿ, ಹಾದಿಯಲ್ಲಿ ಏನಾದರೂ ಕೆಟ್ಟರೆ ರಿಪೇರಿಗೆ ಬೇಕು ಎಂದು.

ಸ್ಟೇರಿಂಗಿನ ಹಿಂದೆ ಮಲಂಗಸಾಬ, ಆಚೆ ಕಿಟಕಿಗೆ ಜಮೇದಾರ, ನಡುವೆ ಗೇಜುಗಳಿಗೆ ಎದುರಾಗಿ ವಾದಿರಾಜ. ಇಬ್ಬರ ತೋಳಿಗೂ ತಾಗದಂತೆ ಅವನು ಭುಜಗಳನ್ನು ಒಳಕ್ಕೆ ಎಳೆದುಕೊಂಡು ಕೂತ. ಪ್ರತಿ ಕುಣಿಗೂ ಆ ಎಚ್ಚರ ಸೋಲುತ್ತಿತ್ತು, ಮತ್ತೆ ಎಳೆದುಕೊಳ್ಳುತ್ತಿದ್ದ. ಹಿಂದೆ ಬಂದೂಕಿನವರು ಹಾಡುತ್ತಿದ್ದರು. ಮಾನ್ವಿಯಲ್ಲಿ ಇನ್ನಷ್ಟು ಜನ ಹತ್ತುವವರಿದ್ದರು. ಅಲ್ಲಿ ಊಟಕ್ಕೆಂದು ಜಮೇದಾರ ಮತ್ತವನ ಜನ ಯಾರದೋ ವಾಡೆಯೊಳಕ್ಕೆ ಹೋದರು. ಮಲಂಗಸಾಬ ಲಾರಿಯ ಕೆಳಗೆ ಗೋಣಿ ಹಾಸಿ ಮಲಗಿ ಆ ಕ್ಷಣವೇ ಗೊರಕೆ ಹೊಡೆದ. ವಾದಿರಾಜ ಎದುರಿನ ಬೇವಿನಕಟ್ಟೆಯ ಮೇಲೆ ಕೂತು, ಮನೆಯಿಂದ ತಂದ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತ, ಲಾರಿಯ ಕೆಳಗಿನಿಂದ ಹೊರಚಾಚಿದ ಆ ಎರಡು ಪಾದಗಳನ್ನು ನೋಡುತ್ತಿದ್ದ. ಹಿಮ್ಮಡಿ ಒಡೆದಿದ್ದವು. ಎಬ್ಬಿಸಿ ಹೇಳಬಹುದಿತ್ತು, ಇಡೀ ಬೀದಿಯಲ್ಲಿ ಯಾರೂ ಇರಲಿಲ್ಲ. ನಿದ್ದೆ ಮಾಡುವವನನ್ನು ಎಬ್ಬಿಸಬಾರದೆಂದು ಅವನು ತನಗೆ ತಾನೇ ಹೇಳಿಕೊಂಡ. ಎಷ್ಟು ಸಭ್ಯವಾಗಿತ್ತು ಆ ನೆಪ! ಕವಿತಾಳದಲ್ಲಿ ಲಾರಿಯ ಸದ್ದು ಕೇಳಿದ ಕೂಡಲೇ ಅಂಗಡಿಗಳ ಹಲಗೆಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಮುದುಕಿಯೊಬ್ಬಳು ಮಾತ್ರ, ಕಿವಿ ಕೇಳದವಳೇನೋ, ಮೆಣಸಿನಕಾಯಿ ಹರವುತ್ತ ಬೀದಿಯಲ್ಲೇ ಇದ್ದಳು. ಮಲಂಗಸಾಬ ಲಾರಿಯನ್ನು ಅವಳನ್ನು ಬಳಸಿ, ಮೆಣಸಿನಕಾಯಿಗೂ ತಾಗದಂತೆ ತೆಗೆದ. ಹಿಂದಿನವರೊಬ್ಬ ಎಸೆದ ಕಲ್ಲು ಅವಳ ಬೆನ್ನಿಗೆ ಬಿತ್ತು. ಅವಳು ಮುಂದಕ್ಕೆ, ಮೆಣಸಿನಕಾಯಿಯ ಮೇಲೆ ಬೋರಲಾದದ್ದನ್ನು ವಾದಿರಾಜ ಪಕ್ಕದ ಕನ್ನಡಿಯಲ್ಲಿ ಕಂಡ. ಕನ್ನಡಿಯಲ್ಲಿ ಅವಳು ಸಣ್ಣವಳಾಗುತ್ತ ಹೋದಳು; ಏಳಲಿಲ್ಲ. ಮುಳ್ಳು ಅರ್ಧದಿಂದ ಕೆಳಗಿಳಿಯುತ್ತಿತ್ತು. ತನ್ನ ಕೆಲಸವನ್ನು ಮಾಡುತ್ತಿರುವ ಮುಳ್ಳಿನ ಮೇಲೆ ಅವನಿಗೆ ದ್ವೇಷ ಬಂತು.

ಕವಿತಾಳ ದಾಟಿ ಒಂದಿಷ್ಟು ದೂರ ಹೋದ ಮೇಲೆ, ಎರಡೂ ಕಡೆ ಕಪ್ಪು ಹೊಲಗಳ ನಡುವೆ, ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಮುಳ್ಳು ಕಾಲು ಟ್ಯಾಂಕಿನ ಗುರುತಿನ ಮೇಲೆ ಅಲುಗದೆ ನಿಂತಿತ್ತು. ಮಲಂಗಸಾಬ ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಇಳಿದು ಹೋಗಿ ಬೇವಿನ ಟೊಂಗೆಯೊಂದನ್ನು ಮುರಿದು, ಎಲೆ ಸವರಿ, ಟ್ಯಾಂಕಿಗೆ ಇಳಿಬಿಟ್ಟು ಎತ್ತಿದ. ಟೊಂಗೆಯ ತುದಿ ಒದ್ದೆಯಾಗಿರಲಿಲ್ಲ. ಅವನು ಅದನ್ನು ಮೂಸಿದ, ಕೆಳಗೆ ಎಸೆದ, ಆಮೇಲೆ ಕಿಟಕಿಯ ಮೂಲಕ ವಾದಿರಾಜನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎಂಜಿನ್ನಿನಲ್ಲಿ ಹೊಸ ಸದ್ದು ಕೇಳಿದಾಗ ಅವನು ಹಾಗೆಯೇ, ಕತ್ತು ಒಂದಿಷ್ಟು ಓರೆ ಮಾಡಿ ನೋಡುತ್ತಿದ್ದ.

"ಕಾಂಟಾ ಖರಾಬ್ ಹೈ ಸಾಬ್," ಅಂದ ಜಮೇದಾರನಿಗೆ. ಮುಳ್ಳು ಕೆಟ್ಟಿದೆ, ಮೊದಲಿನಿಂದಲೇ ಹೆಚ್ಚು ತೋರಿಸಿದೆ, ಪೆಟ್ರೋಲು ಕಮ್ಮಿಯೇ ಬಿದ್ದಿದೆ.

ಜಮೇದಾರ ವಾದಿರಾಜನ ಕಡೆಗೆ ತಿರುಗಿದ. ಪಿಸ್ತೂಲನ್ನು ತೆಗೆದು, ಯಾರಿಗೂ ಗುರಿಯಿಡದೆ, ತನ್ನ ತೊಡೆಯ ಮೇಲೆ ಮಲಗಿಸಿಕೊಂಡ. "ಖೋಲೋ," ಅಂದ.

ವಾದಿರಾಜ ಬಿಚ್ಚಿದ. ಗೇಜನ್ನು ಹೊರತೆಗೆದು, ಬೆಳಕಿಗೆಂಬಂತೆ ಅವರಿಗೆ ಬೆನ್ನು ತಿರುಗಿಸಿ, ಗಾಜಿನ ಬಳೆ ಸಡಿಲಿಸಿ, ಬಾಯಿಂದ ಊದಿ ಧೂಳು ಹಾರಿಸುವ ನೆಪದಲ್ಲಿ ಮುಳ್ಳನ್ನು ಉಗುರಿನಿಂದೆತ್ತಿ ಸೊನ್ನೆಯ ಮೇಲೆ ಕೂರಿಸಿದ. ಅದೇ ಟಕ್ಕೆಂಬ ಸದ್ದು. ಆ ಕ್ಷಣದಲ್ಲಿ ಅವನ ಮುಂದೆ ಎರಡು ವಾಕ್ಯಗಳಿದ್ದವು. ಮುಳ್ಳು ಬೆಳಗಿನಿಂದಲೇ ತಪ್ಪಿತ್ತು ಎಂದರೆ ಅದು ತನ್ನ ಕೈ. ಆ ಪಿಸ್ತೂಲು ತೊಡೆಯಿಂದ ಏಳುತ್ತದೆ. ಹೊರಡುವಾಗ ಸರಿಯಿತ್ತು, ಹಾದಿಯ ಕುಲುಕಾಟಕ್ಕೆ ಸಿಕ್ಕಿಹಾಕಿಕೊಂಡಿತು ಎಂದರೆ, ಹೊರಡುವಾಗ ಟ್ಯಾಂಕಿನಲ್ಲಿ ಅರ್ಧ ಇತ್ತೆಂದಾಯಿತು. ಇದ್ದದ್ದು ಎಲ್ಲಿ ಹೋಯಿತು ಎಂದಾಯಿತು. ಎರಡನೆಯ ವಾಕ್ಯ ಉರುಳಿಕೊಂಡು ಯಾರ ಕಾಲಬಳಿ ಹೋಗಿ ನಿಲ್ಲುತ್ತದೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು, ಕಾಣಲಿಲ್ಲವೆಂದು ಅವನು ಮುಂದೆಂದೂ ಹೇಳುವಂತಿರಲಿಲ್ಲ.

"ಹೊಂಡೂವಾಗ ಬರೋಬರಿ ಇತ್ತು ಸಾಬ್," ಅಂದ, ತನ್ನ ಮುರುಕು ಉರ್ದುವಿನಲ್ಲಿ. "ಹಾದ್ಯಾಗ ಕುಲುಕಾಟಕ್ಕ ಸಿಕ್ಕೊಂಡದ. ಈಗ ನೋಡ್ರಿ." ತಂತಿ ಜೋಡಿಸಿದ. ಮುಳ್ಳು ನಡುಗಿ, ಸೊನ್ನೆಯ ಮೇಲೆ ನಿಂತಿತು. ಸುರುಳಿಗಳು ಸರಿಯಿವೆಯೆಂದು ತೋರಿಸಲು ಟ್ಯಾಂಕಿನ ತಂತಿಯನ್ನು ಬೇರ್ಪಡಿಸಿದ. ಮುಳ್ಳು ಪೂರ್ತಿ ಮೇಲೇರಿತು. ಮತ್ತೆ ಜೋಡಿಸಿದ, ಸೊನ್ನೆ. ಅಷ್ಟು ನಿಖರವಾದ ಕೆಲಸವನ್ನು ಅವನು ತನ್ನ ಜೀವಮಾನದಲ್ಲಿ ಮಾಡಿರಲಿಲ್ಲ.

ಜಮೇದಾರ ಲೆಕ್ಕ ಹಾಕಿದ. ಅವನು ಲೆಕ್ಕ ಹಾಕುವುದು ಮುಖದ ಮೇಲೆ ಕಾಣುತ್ತಿತ್ತು. "ಮಾನ್ವಿ ಮೇಂ ಗಾಡೀ ಕೇ ಪಾಸ್ ಕೌನ್ ಥಾ?" ಎಂದು ಕೇಳಿದ, ಮಾನ್ವಿಯಲ್ಲಿ ಲಾರಿಯ ಬಳಿ ಇದ್ದವರು ಯಾರು.

"ಇವ್ನೇ. ಡ್ರೈವರ್."

"ಕುಛ್ ಬೇಚಾ?"

ಮಾರಿದನೆ? ಒಡೆದ ಹಿಮ್ಮಡಿಯ ಪಾದಗಳು, ಗೊರಕೆ, ಗೋಣಿಯ ತುದಿ. "ನಾ ನೋಡಲಿಲ್ಲ ಸಾಬ್," ಅಂದ ವಾದಿರಾಜ.

"ಯಾ ಅಲ್ಲಾ, ಆಚಾರ್ರ!" ಅಂದ ಮಲಂಗಸಾಬ. ಅಷ್ಟರಲ್ಲಿ ಹಿಂದಿನಿಂದ ಬಂದೂಕಿನ ಹಿಡಿಕೆ ಅವನ ಕಿವಿಯ ಮೇಲೆ ಬಿತ್ತು. ಬಿದ್ದವನನ್ನು ಬೂಟಿನಿಂದ ತುಳಿದರು, ಸುಮ್ಮನೆ, ಯಾವ ಆವೇಶವೂ ಇಲ್ಲದೆ, ಇಷ್ಟು ದೂರ ಕೂತು ಬಂದ ಕಾಲಿಗೆ ಕೆಲಸ ಬೇಕಿತ್ತೆಂಬಂತೆ. ಪಕ್ಕೆಲುಬು ಮುರಿದ ಸದ್ದು ಹಸಿ ಜೋಳದ ದಂಟು ಮುರಿದಂತೆ ಬಂತು. ಕಳ್ಳನ ಬಲಗೈ ಎಂದು ಜಮೇದಾರ ಅಂದಾಗ ಇಬ್ಬರು ಅವನನ್ನೆತ್ತಿ ಮುಂದಿನ ಮಡ್‌ಗಾರ್ಡಿನ ಬಳಿ ನಿಲ್ಲಿಸಿದರು. ಎಂಜಿನ್ನು ತಿರುಗಿಸುವ ಕಬ್ಬಿಣದ ಹ್ಯಾಂಡಲು ಒಬ್ಬನ ಕೈಗೆ ಬಂತು. ಮಲಂಗಸಾಬ ಕೈಯನ್ನು ಎಳೆದುಕೊಳ್ಳುತ್ತಿದ್ದ. ಜಮೇದಾರ ಕಿರುಬೆರಳಿನಿಂದ ಸುಣ್ಣ ತೀಡಿಕೊಂಡು ವಾದಿರಾಜನಿಗೆ ಅಂದ: "ಪಕಡೋ."

ವಾದಿರಾಜ ಇಳಿದು ಹೋಗಿ ಹಿಡಿದ. ಇಷ್ಟು ವರ್ಷಗಳಲ್ಲಿ ಅದು ಅವನು ಆ ಮನುಷ್ಯನನ್ನು ಮುಟ್ಟಿದ ಮೊದಲನೆಯ ಸಲ. ಮಣಿಕಟ್ಟು ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು, ಒಳಗೆ ನಾಡಿ ಹೊಡೆದುಕೊಳ್ಳುವುದು ಅವನ ಹೆಬ್ಬೆರಳಿಗೆ, ಬೆಳಗ್ಗೆ ಮುಳ್ಳು ಕೂರಿಸಿದ ಆ ಹೆಬ್ಬೆರಳಿಗೇ, ತಿಳಿಯುತ್ತಿತ್ತು. ಬೆವರಿಗೆ ಜಾರುವಂತಾದಾಗ ಅವನು ಇನ್ನೂ ಬಿಗಿಹಿಡಿದ. ಕಬ್ಬಿಣ ಬಿತ್ತು. ಮಡ್‌ಗಾರ್ಡಿನ ತಗಡು ಗಂಟೆಯಂತೆ ಬಾರಿಸಿತು. ಮತ್ತೆ ಬಿತ್ತು; ಈ ಸಲ ಸದ್ದು ಮೆತ್ತಗಿತ್ತು. ಬೆರಳುಗಳು ಇದ್ದಲ್ಲಿ ಇದ್ದವು, ಬೆರಳುಗಳಾಗಿ ಉಳಿದಿರಲಿಲ್ಲ. ಬಿಸಿಯಾದದ್ದು ವಾದಿರಾಜನ ತುಟಿಗೆ ಸಿಡಿದು, ಅವನು ಗೊತ್ತಿಲ್ಲದೆ ನೆಕ್ಕಿದ. ಹ್ಯಾಂಡಲಿನವನು ನಿಲ್ಲಿಸಿದ ಮೇಲೂ ಅವನು ಹಿಡಿದೇ ಇದ್ದ. ಯಾರೋ ನಕ್ಕು, ಬಿಡೋ ಇನ್ನ ಅಂದ ಮೇಲೆಯೇ ಬಿಟ್ಟದ್ದು. ಹೊಲದ ಬದುವಿನ ಬಳಿ ಕೂತು ಅವನು ಕೈಯನ್ನು ಕೆಸರಿನಿಂದ ಉಜ್ಜಿ ತೊಳೆದ. ತೊಳೆಯುವಾಗ, ಇದು ರಕ್ತ ತೊಳೆಯುವುದೋ ಸ್ಪರ್ಶ ತೊಳೆಯುವುದೋ ಎಂಬ ಪ್ರಶ್ನೆ ಬಂದು, ಅವನು ಅಲ್ಲೇ ಅವಲಕ್ಕಿಯನ್ನೆಲ್ಲ ಕಾರಿಕೊಂಡ.

ಪೆಟ್ರೋಲು ಹುಡುಕಿ ಕವಿತಾಳದ ಕಡೆ ಹೋದವರು ಯಾರದೋ ಗಾಡಿಯಿಂದ ಕಿತ್ತು ತಂದ ಪೆಟ್ರೋಲಿನ ಡಬ್ಬಿಗಳನ್ನು ಸುರಿದಾಗ ಹೊತ್ತು ಇನ್ನೂ ಮೇಲೇ ಇತ್ತು. ಮುಳ್ಳು ಏರಿತು; ಎಷ್ಟು ಬಿತ್ತೋ ಅಷ್ಟೇ ಏರಿತು. ಆಗ ತಿಳಿದದ್ದು, ದಳದಲ್ಲಿ ಗಾಡಿ ನಡೆಸಬಲ್ಲವನು ಇನ್ನೊಬ್ಬನಿಲ್ಲವೆಂದು. ಜಮೇದಾರ ತನ್ನ ತಪ್ಪನ್ನು ಒಂದು ಕ್ಷಣ ಅಗಿದು ನುಂಗಿದ. ಯಂತ್ರ ಬಲ್ಲವನೆಂದು ವಾದಿರಾಜನೇ ನಡೆಸಬೇಕು, ಕಳ್ಳ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ನನಗೆ ಬರುವುದಿಲ್ಲ ಎಂದರೆ ಕೇಳುವವರಾರು. ಈಗ ಸ್ಟೇರಿಂಗಿನ ಹಿಂದೆ ವಾದಿರಾಜ, ನಡುವೆ ಖಾಕಿ ಅಂಗಿಯ ತೋಳನ್ನೇ ಹರಿದು ಕೈಗೆ ಸುತ್ತಿದ್ದ ಮಲಂಗಸಾಬ, ಕಿಟಕಿಗೆ ಜಮೇದಾರ.

"ಎಡಗಾಲು ಒತ್ತು," ಅಂದ ಮಲಂಗಸಾಬ. ರೀ ಎಂಬುದು ಅವನ ಮಾತಿನಿಂದ ಹೋಗಿತ್ತು. "ಪೂರಾ ಒತ್ತು. ಗೇರ್ ಮುಂದ ದಬ್ಬು. ಈಗ ಬಿಡು, ಹಗೂರ... ಹಗೂರ ಅಂದ್ನೆಲ್ಲಲೇ!"

ಲಾರಿ ಕುಪ್ಪಳಿಸಿ ಹೊರಟಿತು. ಹಿಂದಿನವರು ಬೈದು ನಕ್ಕರು. ಒಂದಿಷ್ಟು ದೂರ ಅವನು ಹೇಳಿದಂತೆ ಇವನು ಮಾಡುತ್ತ ಹೋದ. ಮಲಂಗಸಾಬನ ಉಸಿರಿನಲ್ಲಿ ಏನೋ ಗುಳುಗುಳು ಅನ್ನುತ್ತಿತ್ತು. ಮಾತಿನ ನಡುವೆ ಅವನು ತನ್ನ ಮಡಿಲಿಗೇ ಉಗುಳಿಕೊಳ್ಳುತ್ತಿದ್ದ. ದೇವದುರ್ಗದ ಗುಡ್ಡಗಳು ಕಾಣತೊಡಗಿದವು. ಅಕ್ಕ ಈ ಹೊತ್ತಿಗೆ ಹೊಳೆಯಿಂದ ನೀರು ತಂದು ಗರ್ಭಗುಡಿಯ ಹೊಸ್ತಿಲು ತೊಳೆಯುತ್ತಿರುತ್ತಾಳೆ. ಅವಳ ಕಡೆಗೆ ಇವರನ್ನು ತಾನೇ, ತನ್ನ ಕೈಯಾರೆ, ಸಾಕಷ್ಟು ಪೆಟ್ರೋಲು ಹಾಕಿಕೊಂಡು ಕರೆದೊಯ್ಯುತ್ತಿದ್ದೇನೆ. ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ವಾದಿರಾಜ ಕನ್ನಡದಲ್ಲಿ ಅಂದ: "ಮುಳ್ಳು ನಾನ ಸರಿಸಿದ್ದೆ."

"ಗೊತ್ತದ. ಮುಂದ ನೋಡು."

"ಯಾವಾಗಿಂದ ಗೊತ್ತದ?"

"ಕಟಗಿ ಒಣಗಿ ಬಂತಲ್ಲ, ಆವಾಗಿಂದ."

"ಮತ್ತ ನನ್ನ ಹೆಸರು..."

"ಹೇಳಿದ್ನೆಲ್ಲೋ. ಕಾಂಟಾ ಖರಾಬ್ ಅಂದೆ. ಅವ ನಿನ್ನ ಮಾತು ನಂಬಿದ." ಉಗುಳಿದ. "ಸಂತ ಅಂತ ತಿಳೀಬ್ಯಾಡ ನನ್ನ. ಇನ್ನೊಮ್ಮೆ ಕೇಳಿದ್ರ ಇನ್ನೊಮ್ಮೆ ಹೇಳ್ತಿದ್ನಿ."

ಜಮೇದಾರ ಇವರ ಕಡೆ ನೋಡಿದ. "ಕ್ಲಚ್ ಸಾಬ್, ಕ್ಲಚ್ ಸಿಖಾರೌಂ," ಅಂದ ಮಲಂಗಸಾಬ, ಕ್ಲಚ್ ಕಲಿಸುತ್ತಿದ್ದೇನೆಂದು. ಜಮೇದಾರ ಮತ್ತೆ ಕಿಟಕಿಯಾಚೆ ತಿರುಗಿದ.

"ನನಗ್ಯಾಕ ಹೇಳಲಿಲ್ಲಲೇ ವಾದೀ?" ಎಂದು ಕೇಳಿದ ಮಲಂಗಸಾಬ. "ಹೇಳಿದ್ರ ನಾನ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ರಾಯಚೂರಾಗ ಎಲ್ಲಾ ಚೆಲ್ಲಿ ಬರ್ತಿದ್ನಿ. ನನ್ನ ಹೇಣ್ತಿ ಬಿಸ್ಮಿಲ್ಲಾ ಬೀನ್ನ ಕೇಳು, ಮುಂಜಾನೆ ಹೊಂಡೂವಾಗ ಅಕಿಗೇನಂದು ಬಂದೀನಿ. ಜ್ವರ ಅಂತ ಹೇಳಿ ಮಲಗಿಬಿಡ್ಲೇನ ಅಂದಿದ್ದೆ." ವಾದಿರಾಜ ಉತ್ತರಕ್ಕೆಂದು ಒಳಗೆ ಹುಡುಕಿದ. ನಿನ್ನ ಅಂಗಿ ನೋಡಿ ಅನ್ನಬಹುದಿತ್ತು. ಆ ಅಂಗಿ ಈಗ ಹರಿದು, ನೆನೆದು, ಮಾಂಸಕ್ಕೆ ಅಂಟಿತ್ತು. "ಹೇಳಬೇಕಿತ್ತು," ಅಂದ. ಮಲಂಗಸಾಬ ಮತ್ತೆ ಮಡಿಲಿಗೆ ಉಗುಳಿಕೊಂಡ. ಕ್ಷಮಿಸಿದ್ದಕ್ಕೆ ಸುಮ್ಮನಾದನೋ, ಉಸಿರು ಸಾಲದೆ ಸುಮ್ಮನಾದನೋ, ಎಂದು ವಾದಿರಾಜ ಅಳೆಯಲು ಹೋದ. ಹೋಗಿ, ಜೀವಮಾನದಲ್ಲಿ ಮೊದಲ ಸಲ, ಅಳೆಯುವುದನ್ನು ನಿಲ್ಲಿಸಿದ.

ರಸ್ತೆ ಇಳಿಜಾರಿಗೆ ಬಿತ್ತು. ಕೆಳಗೆ ಹಳ್ಳ, ಮೇಲೆಲ್ಲೋ ಮಳೆಯಾಗಿ, ಸೇತುವೆಯ ಎರಡೂ ಅಂಚಿಗೆ ಕೆಂಪು ನೀರು ಮುಟ್ಟಿಕೊಂಡು ಹರಿಯುತ್ತಿತ್ತು. ಕಟಕಟೆ ಇಲ್ಲದ ಸೇತುವೆ. ಹಿಂದಿನವರು ನೀರನ್ನು ಕಂಡು ಕೂಗು ಹಾಕಿದರು. ಲಾರಿ ತಾನಾಗಿ ವೇಗ ಹಿಡಿಯಿತು. ವಾದಿರಾಜನ ಬಲಗಾಲು ಬ್ರೇಕಿನ ಮೇಲೆ ಬಿಗಿಯಿತು.

"ವಾದೀ. ನಾ ಹೇಳಿದಂಗ ಮಾಡ್ತಿ?"

ಯಾಕೆ ಎಂದು ಕೇಳಬಹುದಿತ್ತು. ನನ್ನನ್ನು ಕೊಲ್ಲಲಿಕ್ಕೋ ಅವರನ್ನೋ ಎಂದು ಕೇಳಬಹುದಿತ್ತು. "ಮಾಡ್ತೀನಿ," ಅಂದ.

"ಕಾಲು ತಗಿ. ಬ್ರೇಕಿಂದ ಕಾಲು ತಗಿ. ಗೇರ್ ನಡಕ್ಕ ತಾ... ಹಾಂ. ಇನ್ನ ಬ್ರೇಕ್ ಮುಟ್ಟಬ್ಯಾಡ."

ಕಟ್ಟು ಬಿಚ್ಚಿದ ಕರುವಿನಂತೆ ಲಾರಿ ಹಾರಿತು. ಎಂಜಿನ್ನಿನ ಸದ್ದು ಅಡಗಿ, ಗಾಳಿಯ ಸದ್ದು, ಹಲಗೆಗಳ ಬಡಿತ, ಹಿಂದೆ ನಿಂತುಹೋದ ಹಾಡು. ಜಮೇದಾರ ತಟ್ಟನೆ ತಿರುಗಿ, ಮೊಟ್ಟಮೊದಲ ಬಾರಿಗೆ ದನಿ ಎತ್ತರಿಸಿ, ಏನನ್ನೋ ಕೂಗಿದ. ಪಿಸ್ತೂಲಿಗೆ ಹೋದ ಅವನ ತೋಳನ್ನು ಮಲಂಗಸಾಬ ತನ್ನ ಇಡೀ ಮೈಯನ್ನು ಅವನ ಮೇಲೆ ಕೆಡವಿ ಬಾಗಿಲಿಗೆ ಒತ್ತಿದ. ಗುಂಡು ಹಾರಿತು. ಎಲ್ಲಿಗೋ.

"ಎಡಕ್ಕ!" ಅಂದ ಮಲಂಗಸಾಬ. "ಪೂರಾ ಎಡಕ್ಕ!"

ವಾದಿರಾಜ ಎರಡೂ ಕೈಯಿಂದ ಚಕ್ರವನ್ನು ಎಡಕ್ಕೆ ಎಳೆದ. ಸೇತುವೆ ಬಲಕ್ಕೆ ಸರಿದುಹೋಯಿತು. ಮುಂದಿನ ಗಾಜಿನ ತುಂಬ ಕೆಂಪು ನೀರು ಎದ್ದು ಬಂತು, ಅದರ ಮೇಲೆ ತೇಲುವ ಜಾಲಿಯ ಕಂಟಿ, ನೊರೆ, ಒಂದು ಸತ್ತ ಆಡು. ಅವನ ರೆಪ್ಪೆಗಳು ಬಿಗಿಯತೊಡಗಿದವು.

"ಕಣ್ಣು ಮುಚ್ಚಬ್ಯಾಡಲೇ," ಅಂದ ಮಲಂಗಸಾಬ, ಜಮೇದಾರನ ಮೇಲಿಂದ, ಬಾಯಿತುಂಬ ರಕ್ತ ತುಂಬಿಕೊಂಡು, ಕಲಿಸುವವನ ಸಿಡುಕಿನಲ್ಲಿ. "ಡ್ರೈವರ್ ಕಣ್ಣು ಮುಚ್ಚಬಾರ್ದು."

ವಾದಿರಾಜ ಮುಚ್ಚಲಿಲ್ಲ.